ಉಳ್ಳೂರಿನ ಸಿಸ್ಟರ್ ಮತ್ತು ನನ್ನ ಮಾತ್ರೆ ಡಬ್ಬಿ

ಅವರ ಬಲಗೈ ಕಿರುಬೆರಳು ಕೊಂಚ ಸೊಟ್ಟ. ಕೈಗೆ ಸದಾ ಕೆಂಪು ಸೋಪಿನ ವಾಸನೆ. ಸಂಜೆ ನಾನು ಬ್ಯಾಂಕಿನಿಂದ ಬಂದು ಗೇಟು ತೆಗೆಯುವಷ್ಟರಲ್ಲಿ ಆ ಕೈಯ ಹಿಂಬದಿ ನನ್ನ ಕುತ್ತಿಗೆಗೆ ತಣ್ಣಗೆ ತಾಕುತ್ತಿತ್ತು. ಮೈ ಬಿಸಿಯಿಲ್ಲವೆಂದು ಖಾತ್ರಿಯಾದ ಮೇಲೇ ಮಾತು. "ಇನ್ನು ಒಳಗೆ ಹೋಗು ಮೋಳೆ. ಮೊದಲು ಕೈ ತೊಳೆ."

ಎರಡು ಸಾವಿರದ ಐದರ ಸುಮಾರಿಗೆ ತಿರುವನಂತಪುರದ ಉಳ್ಳೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ನಿವೃತ್ತ ನರ್ಸ್, ಇಡೀ ಬೀದಿಗೆ ಸಿಸ್ಟರ್. ಹರೆಯದಲ್ಲಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಲಿತ ಕನ್ನಡವನ್ನು ನನ್ನ ಮೇಲೆ ಪ್ರಯೋಗಿಸುವುದೆಂದರೆ ಖುಷಿ. ಮಗಳನ್ನು ಕರೆಯುವ 'ಮೋಳೆ' ಮಾತ್ರ ಮಲಯಾಳದಲ್ಲೇ ಉಳಿಯಿತು.

ನನಗಾಗ ಲೂಪಸ್. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಅದನ್ನು ಅಡಗಿಸಲು ದಿನವೂ ಸ್ಟೀರಾಯ್ಡ್, ಜೊತೆಗೆ ಇನ್ನೊಂದು ಮಾತ್ರೆ. "ಈ ಮಾತ್ರೆ ನಾಯಿಯನ್ನು ಕಟ್ಟಿಹಾಕುತ್ತದೆ. ಮನೆಯವರನ್ನು ಕಚ್ಚುವುದಿಲ್ಲ, ಸರಿ. ಆದರೆ ಕಳ್ಳ ಬಂದರೂ ಬೊಗಳುವುದಿಲ್ಲ," ಎನ್ನುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಇಳಿದುಬಿಡು ಎಂದೂ ಹೇಳುತ್ತಿದ್ದರು. ನನಗೋ ಇಪ್ಪತ್ತೇಳರ ಸೊಕ್ಕು. ಅಬ್ಬಾ, ಇವರ ಕಾಟವೇ ಎಂದು ಗೊಣಗುತ್ತಿದ್ದೆ.

ಕೊಚ್ಚಿಯ ವೈಟ್ಟಿಲದಲ್ಲಿದ್ದ ನನ್ನ ಅಕ್ಕನ ಮಗನಿಗೆ ಸೀತಾಳೆ ಸಿಡುಬು ಎದ್ದಿತು. ನಮ್ಮ ಮೈಸೂರು ಕಡೆ ಅದಕ್ಕೆ ಕಾಯಿಲೆ ಎನ್ನುವುದಿಲ್ಲ, ದೇವಿ ಮನೆಗೆ ಬಂದಿದ್ದಾಳೆ ಎನ್ನುತ್ತೇವೆ. ಮೊದಲ ನೀರು ಹಾಕುವ ದಿನ ಚಿಕ್ಕಮ್ಮ ಇಲ್ಲದಿದ್ದರೆ ಹೇಗೆ? ಸಿಸ್ಟರ್‌ಗೆ ಬ್ಯಾಂಕಿನ ಕೆಲಸವೆಂದು ಸುಳ್ಳು ಹೇಳಿ ರೈಲು ಹತ್ತಿದೆ. ಗುಳ್ಳೆಗಳು ಇನ್ನೂ ಪೂರ್ತಿ ಒಣಗಿರದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಸರನ್ನ ತಿನ್ನಿಸಿದೆ.

ಎರಡು ವಾರಕ್ಕೆ ಬೆನ್ನು ನೋವು, ಹೊಟ್ಟೆಯ ಮೇಲೆ ನಾಲ್ಕು ಗುಳ್ಳೆ. ಜ್ವರ ತೊಂಬತ್ತೊಂಬತ್ತು ದಾಟಲಿಲ್ಲ. ಫೋನಿನಲ್ಲಿ ನಮ್ಮ ತಾಯಿ, "ದೇವಿ ಬಂದಿದಾಳೆ ಕಣೆ, ಮಾತ್ರೆ ಗೀತ್ರೆ ಮುಟ್ಟಬೇಡ. ಬೇವಿನ ಸೊಪ್ಪು ಹಾಸ್ಕೊಂಡು ಮಲಕ್ಕೊ," ಎಂದರು. ಮಾತ್ರೆ ಡಬ್ಬಿಯನ್ನು ಬೀರುವಿಗೆ ಸೇರಿಸಿ ಬಾಗಿಲು ಹಾಕಿಕೊಂಡೆ.

ಸಂಜೆ ಸಿಸ್ಟರ್ ಬಾಗಿಲು ಬಡಿದರು. ಬೇವಿನ ಸೊಪ್ಪು ನೋಡಿದರು, ಕೈಯ ಹಿಂಬದಿ ಕುತ್ತಿಗೆಗಿಟ್ಟರು.

"ಕೊಚ್ಚಿಗೆ ಹೋದದ್ದು ಬ್ಯಾಂಕಿನ ಕೆಲಸಕ್ಕಲ್ಲ, ಅಲ್ಲವಾ?"

ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ.

"ಜ್ವರ ಕಡಿಮೆ ಅಂತ ನಂಬಬೇಡ, ಮಾತ್ರೆ ಅದನ್ನು ಮುಚ್ಚಿಟ್ಟಿದೆ. ಸ್ಟೀರಾಯ್ಡ್ ಹೀಗೆ ತಟ್ಟನೆ ಬಿಡಲೂಬಾರದು. ನಿನ್ನ ದೇವಿಗೆ ನಾನೂ ಕೈ ಮುಗಿಯುತ್ತೇನೆ ಮೋಳೆ. ಆದರೆ ದೇವಿ ನಿನ್ನ ಡಬ್ಬಿ ನೋಡಿಲ್ಲ. ನಾನು ನೋಡಿದ್ದೇನೆ. ಏಳು."

ಬೀರುವಿನಿಂದ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡು, ಆಟೋ ಕರೆಸಿ ಆಸ್ಪತ್ರೆಗೆ ಹೊರಡಿಸಿದರು. ಬೆಳಗಾಗುವಷ್ಟರಲ್ಲಿ ಗುಳ್ಳೆ ಮೈತುಂಬ ಎದ್ದು, ಉಸಿರಿಗೂ ಕಷ್ಟವಾಗಿತ್ತು. ನಾಳೆ ಬಂದಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಹನ್ನೊಂದು ದಿನ ಡ್ರಿಪ್ಪಿನಲ್ಲಿ ಔಷಧ. ಹನ್ನೊಂದು ದಿನವೂ ಸಿಸ್ಟರ್ ಗಂಜಿ ತಂದರು. ನಮ್ಮ ತಾಯಿ ಬಂದಾಗ ಅವರನ್ನು ಒಂದು ಮಾತೂ ಅನ್ನದೆ, ಸಿಸ್ಟರ್ ಹಾಸಿಗೆಯ ತಲೆದೆಸೆಯಲ್ಲಿ ಒಂದು ಎಸಳು ಬೇವು ತಾವೇ ಸಿಕ್ಕಿಸಿದರು. ಈ ಜೀವ ಅವರದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಸುದ್ದಿ ತಿಳಿದು, ಇಂದಿಗೂ ಬಿಡದ ಮಾತ್ರೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಉಳ್ಳೂರಿಗೆ ಓಡಿದೆ. ಅಂಗಳದ ತುಂಬ ಜನ. ಗೇಟಿನಲ್ಲೇ ಅವರ ಮಗ ನನ್ನನ್ನು ತಡೆದ.

"ಚೇಚಿ, ಅಕ್ಕಾ, ಹಿಂದಿನ ಬಾಗಿಲಿಂದ ಬನ್ನಿ. ಕನ್ನಡದ ಮೋಳ್ ಬಂದರೆ ಗುಂಪಿನೊಳಗೆ ಬಿಡಬೇಡ ಅಂತ ಅಮ್ಮ ಹೇಳಿಟ್ಟು ಹೋಗಿದ್ದಾರೆ."

ಹಿತ್ತಲಿನ ನಲ್ಲಿಯ ಹತ್ತಿರ ಅದೇ ಕೆಂಪು ಸೋಪಿತ್ತು. ಅಳುತ್ತಲೇ ಕೈ ತೊಳೆದುಕೊಂಡು ಒಳಗೆ ಹೋದೆ.