ಬಾವಿಯ ಮೇಲಿನ ಬಿಳಿಗೆರೆ

ನನ್ನ ತಂಗಿ ಆಮ್ನಾಳ ಗಂಡ ಓಕೀರ್ ದಿನವೂ ಬೆಳಗಿನ ನಮಾಜು ಮುಗಿಸಿ ಬಾವಿಗೆ ಹೋಗುತ್ತಿದ್ದ. ಮೊದಲು ಸೇದಿದ ನೀರನ್ನು ಮನೆಗೆ ತರುತ್ತಿರಲಿಲ್ಲ, ತಾನೂ ಕುಡಿಯುತ್ತಿರಲಿಲ್ಲ. ಬಾವಿಯ ಆಚೆಗಿದ್ದ ಕಲ್ಲಿನ ಬಾನಿಗೆ ಸುರಿಯುತ್ತಿದ್ದ. ದಾರಿಹೋಕನ ಒಂಟೆ ಕುಡಿದರೂ ಸರಿ, ನರಿ ಕುಡಿದರೂ ಸರಿ. ಜ್ವರದಲ್ಲಿ ನಡುಗುತ್ತಿದ್ದ ದಿನವೂ ಕಂಬಳಿ ಹೊದ್ದು ಹೋಗಿ ಸುರಿದು ಬಂದದ್ದನ್ನು ನಾನು ನೋಡಿದ್ದೇನೆ.

“ನರಿಗೆ ಮಾವನ ಮನೆ ಮಾಡಿಟ್ಟಿದ್ದೀಯ,” ಎಂದು ಆಮ್ನಾ ಬೈಯುತ್ತಿದ್ದಳು. “ಒಂದಿನ ನಿನ್ನ ಮೇಕೆಮರೀನೇ ಹೊತ್ಕೊಂಡು ಹೋಗುತ್ತೆ ನೋಡು.”

“ಮಾವನ ಮನೆ ಅಂದ್ಮೇಲೆ ಅಳಿಯನ್ನ ಬರಿಗೈಲಿ ಕಳಿಸೋಕಾಗುತ್ತಾ?”

ಬಾವಿಯನ್ನು ತೋಡಿದವನು ಅವನ ಅಜ್ಜ. ಕಣಿವೆ ಕಿರಿದಾಗುವಲ್ಲಿ, ಕರಿಬೆಟ್ಟದ ಬುಡದಲ್ಲಿ ಅದು ಇತ್ತು. ನಮ್ಮ ಮನೆತನದ ನಾಲ್ಕಾರು ಒಲೆಗಳು, ಮೇಕೆ, ಒಂಟೆ, ಎಲ್ಲವೂ ಅದರ ಆಸರೆಯಲ್ಲೇ ಬದುಕಿದ್ದವು. ಕೆಂಪು ಸಮುದ್ರದ ಈ ಬೆಟ್ಟಗಳಲ್ಲಿ ಒಬ್ಬನ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ, ಯಾವ ಬಾವಿಯವನು ಎಂದೇ ಕೇಳುತ್ತಾರೆ.

ಹರೆಯದಲ್ಲಿ ಓಕೀರ್ ಕಲ್ಲು ಹುಡುಕುವವರ ಜೊತೆ ಒಂಟೆಯವನಾಗಿ ಹೋಗಿದ್ದ. ಅವರು ಬಂಡೆ ಒಡೆದು ಚೂರುಗಳನ್ನು ಚೀಲಕ್ಕೆ ತುಂಬುವರು, ಇವನ ಒಂಟೆಗಳು ಹೊರುವವು. ಬೆಟ್ಟದ ಮೈಮೇಲೆ ಬಿಳಿಗಲ್ಲಿನ ಗೆರೆ ಓಡಿದೆಯೇ, ಅದಕ್ಕೆ ಜೇನುಬಣ್ಣದ ತುಕ್ಕು ಹಿಡಿದಿದೆಯೇ ಎಂದು ನೋಡಲು ಅವರಿಂದಲೇ ಕಲಿತ. ಕಲ್ಲನ್ನು ಪುಡಿಮಾಡಿ ಮರದ ಬೋಗುಣಿಯಲ್ಲಿ ತೊಳೆದು ತೊಳೆದು ಚೆಲ್ಲಿದರೆ ಕೊನೆಗೆ ಅಂಚಿನಲ್ಲಿ ಉಗುರಿನ ಚೂರಿನಷ್ಟು ಹಳದಿ ಚಿನ್ನ ಉಳಿಯುವುದನ್ನೂ ಕಂಡ. ಆಮೇಲೆ ಏನಾಗುತ್ತದೆ ಎಂಬುದನ್ನೂ ಕಂಡ. ಬೆಟ್ಟದಾಚೆಯ ಕಣಿವೆಗೆ ಲಾರಿಗಳು ಬಂದವು, ಕಲ್ಲು ಅರೆಯುವ ಗಿರಣಿಗಳು ಬಂದವು, ಜಾಲಿಮರಗಳು ಸೌದೆಯಾದವು, ಬಾವಿ ಬತ್ತಿತು. ಅಲ್ಲಿಯ ಜನ ಚಾಪೆಮನೆ ಮಡಚಿಕೊಂಡು ಪಟ್ಟಣದ ಅಂಚಿಗೆ ಹೋದರು. ಓಕೀರ್ ಆ ಕೆಲಸ ಬಿಟ್ಟು ಬಂದ.

ಹಾಗಿರುವಾಗ, ಮಳೆ ಚೆನ್ನಾಗಿ ಬಂದ ಒಂದು ವರ್ಷ, ನೆರೆ ಇಳಿದ ಮೇಲೆ, ನಮ್ಮ ಬಾವಿಯ ತಲೆಯ ಮೇಲೇ ಬಿಳಿಗೆರೆಯೊಂದು ಬಯಲಾಯಿತು. ಅವನು ಒಂದು ಚೂರು ಒಡೆದು ತೊಳೆದು ನೋಡಿದ. ಅಂಚಿನಲ್ಲಿ ಹಳದಿ ಉಳಿದದ್ದು ಕಂಡು, ಗೆರೆಯ ಮೇಲೆ ಕಲ್ಲು ಪೇರಿಸಿ ಮುಳ್ಳು ಹೊದಿಸಿ, ಹಳೆಯ ಮೇಕೆದೊಡ್ಡಿಯಂತೆ ಕಾಣುವ ಹಾಗೆ ಮಾಡಿಬಿಟ್ಟ. ಹೇಳಿದ್ದು ಆಮ್ನಾಳಿಗೆ ಮಾತ್ರ.

“ನನಗೊಂದು ಮೂಗುತಿ ಆಗೋವಷ್ಟೂ ಬೇಡ್ವಾ?” ಎಂದಳಂತೆ ಅವಳು.

“ಮೂಗುತಿಗೆ ಅಂತ ಅಗೆದ್ರೆ ಕೊನೆಗೆ ಮೂಗಷ್ಟೇ ಉಳಿಯೋದು. ಕುಡಿಯೋಕೆ ನೀರಿರಲ್ಲ.”

ವರ್ಷಗಳು ಕಳೆದವು. ದೊಡ್ಡಿಯ ಮುಳ್ಳನ್ನು ಯಾರೂ ಎತ್ತಿ ನೋಡಲಿಲ್ಲ.

ಇನ್ನು ಕರ್ರಾರನ ವಿಷಯ. ಅವನನ್ನು ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಳು. ಓಕೀರನ ತಾಯಿ ತನ್ನ ಮಗಳ ಜೊತೆಗೆ ಅವನಿಗೂ ಎದೆ ಕೊಟ್ಟು ಸಾಕಿದಳು. ಹಾಲಿನ ಸಂಬಂಧ ನಮ್ಮಲ್ಲಿ ರಕ್ತದ್ದಕ್ಕೆ ಕಡಿಮೆಯಲ್ಲ. ದೊಡ್ಡವನಾಗಿ ಅವನು ಚಿನ್ನದ ಸಂತೆಗೆ ಹೋದ, ದಲ್ಲಾಳಿಯಾದ, ಕಾರು ಕೊಂಡ. ಬಂದಾಗಲೆಲ್ಲ ಆ ಸಾಕಿದ ಅಮ್ಮನ ಗೋರಿಗೆ ಹೋಗಿಬಂದೇ ಚಾಪೆಯ ಮೇಲೆ ಕೂರುತ್ತಿದ್ದ. ಅದನ್ನು ಮರೆಮಾಚಿ ಬರೆದರೆ ತಪ್ಪಾಗುತ್ತದೆ.

ಒಂದು ಮಧ್ಯಾಹ್ನ ಬಂದ. ಓಕೀರ್ ಶುಂಠಿ ಕುಟ್ಟಿ ಕಾಫಿ ಕಾಯಿಸಿದ. ಆಮ್ನಾ ಮತ್ತು ನಾನು ಚಾಪೆಯ ಗೋಡೆಯ ಈಚೆಗಿದ್ದೆವು. ಇಬ್ಬರು ಎದುರಾದರೆ ಮೊದಲು ಸುದ್ದಿ ಕೇಳಬೇಕು. ಸಕನಾಬ್ ಎನ್ನುತ್ತೇವೆ ಅದಕ್ಕೆ. ಕೇಳಿದವನಿಗೆ ಕಂಡದ್ದನ್ನು ಕಂಡಂತೆ ಹೇಳಬೇಕು. ನೀರಿಲ್ಲದ ಕಡೆ ನೀರಿದೆ ಎಂದರೆ ಒಂದು ಜೀವ ಹೋಗುವ ನಾಡು ಇದು.

“ಸುದ್ದಿ ಏನಣ್ಣ?”

“ಒಳ್ಳೇದೇ. ದೇವರು ದೊಡ್ಡವನು.”

“ಮಳೆ?”

“ಮೇಲಿನ ಕಣಿವೇಲಿ ಬಿತ್ತು. ಇಲ್ಲಿ ಹನಿಯಿಲ್ಲ.”

“ಹುಲ್ಲು?”

“ಕರಿಬೆಟ್ಟದ ಹಿಂದಿದೆ. ಒಂಟೆಗಾಗುತ್ತೆ.”

“ಹೊರಗಿನವರ ಹೆಜ್ಜೆ?”

“ನಿನ್ನದೊಂದೇ. ಹೆಜ್ಜೆಯಾದ್ರೂ ಯಾಕೆ, ನಿನ್ನ ಅತ್ತರಿನ ವಾಸನೆ ನಿನ್ನೇನೇ ಬಂದಿತ್ತು.”

ಇಬ್ಬರೂ ನಕ್ಕರು. ಕಾಫಿ ಬಗ್ಗಿಸಿದ ಸದ್ದು ಕೇಳಿತು. ಆಮೇಲೆ ಕರ್ರಾರ್ ಅದೇ ದನಿಯಲ್ಲಿ ಕೇಳಿದ:

“ಕಲ್ಲು?”

ಸುದ್ದಿಯಲ್ಲಿ ಅದನ್ನು ಯಾರೂ ಕೇಳಿದ್ದಿಲ್ಲ. ಆಮ್ನಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

“ಕಲ್ಲಿನ ಸುದ್ದೀನೂ ಕೇಳ್ತಾರಾ ಈಗ?”

“ಕಾಲ ಬದಲಾಯ್ತಲ್ಲ ಅಣ್ಣ. ನೀನು ಅವರ ಜೊತೆ ತಿರುಗಿದವನು. ನೋಡಿದ್ದೀಯೋ ಇಲ್ವೋ, ಅಷ್ಟೇ ಕೇಳ್ದೆ.”

“ನೋಡಿದ್ದೀನಿ,” ಎಂದ ಓಕೀರ್. ಎಲ್ಲಿ ಎಂದೂ ಹೇಳಿದ. “ಆದ್ರೆ ಅದಿರೋದು ಬಾವಿ ತಲೆ ಮೇಲೆ. ಆ ನೀರು ಕುಡಿದೇ ಅಮ್ಮನ ಎದೇಲಿ ಹಾಲು ಬಂದಿದ್ದು. ನೀನೂ ಕುಡಿದಿದ್ದೀಯ.”

“ಅಮ್ಮನ ಹಾಲಾಣೆ ಅಣ್ಣ. ಕೇಳಿದ್ದನ್ನ ಇಲ್ಲೇ ಹೂತಿಟ್ಟೆ.”

ಕಾರಿನ ಧೂಳು ಅಡಗುವ ಮೊದಲೇ ಆಮ್ನಾ ಹೊರಗೆ ಹೋದಳು. “ಇಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ವಾ ನಿಂಗೆ?”

“ಸುದ್ದಿ ಕೇಳಿದವನಿಗೆ ಸುಳ್ಳು ಹೇಳಿದ್ರೆ, ನಾಳೆ ನೀರೆಲ್ಲಿ ಅಂತ ನಾನು ಕೇಳಿದಾಗ ನಿಜ ಯಾರು ಹೇಳ್ತಾರೆ? ಅವನೇನು ಹೊರಗಿನವನಾ?”

ಚಳಿಗಾಲ ಬರುತ್ತಿದ್ದಂತೆ ಲಾರಿಗಳು ಬಂದವು, ಹಿಂದೆ ಬುಲ್ಡೋಜರು. ಕರ್ರಾರ್ ಮುಂದಿನ ಕಾರಿನಲ್ಲಿದ್ದ, ಇಳಿಯಲಿಲ್ಲ. ಇಳಿದವನು ಪಟ್ಟಣದ ಒಬ್ಬ ವ್ಯಾಪಾರಿ. ಗಂಡಸರೆಲ್ಲ ಬಾವಿಯ ಹತ್ತಿರ ಸೇರಿದರು.

“ನಿಮ್ಮ ಓಕೀರೇ ಜಾಗ ತೋರಿಸಿ, ಅಗೆಯೋಕೆ ಒಪ್ಪಿಗೆ ಕೊಟ್ಟಿದ್ದಾರಂತೆ. ಕರ್ರಾರ್ ಹೇಳಿದ್ರು,” ಎಂದ ವ್ಯಾಪಾರಿ.

ನಮ್ಮ ಮನೆತನದ ಹಿರಿಯ ಶಿಂಗ್ರಾಯ್ ಕೋಲೂರಿಕೊಂಡು ಓಕೀರನ ಕಡೆ ತಿರುಗಿದ.

“ಜಾಗ ಹೇಳಿದ್ದು ನೀನೇನಾ?”

“ಹೇಳಿದ್ದು ನಾನೇ. ಒಪ್ಪಿಗೆ ಕೊಡ್ಲಿಲ್ಲ.”

“ಹೇಳಿದ್ಯಾಕೆ?”

“ಸುದ್ದಿ ಕೇಳ್ದ.”

“ಇಷ್ಟು ವರ್ಷ ನಮಗೊಬ್ಬರಿಗೂ ಹೇಳಿಲ್ಲ. ಕಾರು ಇರೋನಿಗೆ ಹೇಳ್ದೆ. ಮಿಕ್ಕಿದ್ದನ್ನ ನಾವು ನಂಬಬೇಕು, ಅಲ್ವಾ?”

ಓಕೀರ್ ಕಾರಿನ ಕಡೆ ನೋಡಿದ. ಕರ್ರಾರ್ ಒಂದು ಮಾತು ಆಡಿದ್ದರೆ ಸಾಕಿತ್ತು. ಕಾರಿನ ಗಾಜು ನಿಧಾನವಾಗಿ ಮೇಲೇರಿತು.

ಬಾವಿ ತೋಡಿದವನ ಮೊಮ್ಮಗನೇ ಒಪ್ಪಿದ್ದಾನೆಂಬ ಮಾತೇ ನಿಂತಿತು, ಆಮೇಲಿನದು ಬೆಟ್ಟದಾಚೆ ನಡೆದದ್ದೇ. ಕಣಿವೆಯ ಕೆಳಗೆ ಆಳವಾದ ಕೊಳವೆ ಇಳಿಸಿ ಗಿರಣಿಗೆ ನೀರೆಳೆದರು. ಚಿನ್ನ ಹಿಡಿಯಲು ಪಾದರಸ ಬೆರೆಸಿದ ಕೆಸರನ್ನು ಮರಳಿಗೆ ಬಿಟ್ಟರು, ಅದನ್ನು ನೆಕ್ಕಿದ ಮೇಕೆಗಳು ಕಾಲು ಮಡಚಿ ಬಿದ್ದವು. ನಮ್ಮ ಬಾವಿಯಲ್ಲಿ ಹಗ್ಗಕ್ಕೆ ಹಗ್ಗ ಕಟ್ಟುತ್ತ ಹೋದೆವು. ಕೊನೆಗೆ ತೊಗಲಚೀಲದಲ್ಲಿ ಕೆಸರು ಬಂತು. ಶಿಂಗ್ರಾಯನ ಮನೆಯವರು ಮೊದಲು ಹೊರಟರು, ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಹೋದರು.

ಓಕೀರನಿಗೆ ಯಾರೂ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ದಾರಿಯಲ್ಲಿ ಎದುರಾದವರು ಸಲಾಂ ಹೇಳುತ್ತಿದ್ದರು, ಆದರೆ ಒಂಟೆ ನಿಲ್ಲಿಸುತ್ತಿರಲಿಲ್ಲ, ಸುದ್ದಿ ಕೇಳುತ್ತಿರಲಿಲ್ಲ. ಸತ್ತವನ ಹತ್ತಿರ ಮಾತ್ರ ಸುದ್ದಿ ಕೇಳುವುದಿಲ್ಲ ನಾವು. ಹುಲ್ಲು ಎಲ್ಲಿದೆ, ಯಾರ ಒಂಟೆ ತಪ್ಪಿಸಿಕೊಂಡಿದೆ ಎಂದೆಲ್ಲ ನೋಡಿಕೊಂಡು ಅವನು ಸಂಜೆ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದ. ಆಗ ಆಮ್ನಾ ಅಂಬಲಿಯ ಪಾತ್ರೆ ಬದಿಗಿಟ್ಟು, ಗಂಡಸರು ಕೇಳುವ ಹಾಗೆಯೇ ಕೇಳುತ್ತಿದ್ದಳು: “ಸುದ್ದಿ ಏನು? ಮಳೆ? ಹುಲ್ಲು?” ಅವನು ಒಂದೊಂದನ್ನೂ ಹೇಳುತ್ತಿದ್ದ.

ಒಮ್ಮೆ ನಾನು ಕರ್ರಾರನನ್ನು ಶಪಿಸಿದೆ. “ಬೇಡ ಅಕ್ಕ,” ಎಂದ. “ಶಾಪ ಅಮ್ಮನ ಹಾಲಿಗೂ ತಾಗುತ್ತೆ.” ಆ ಮಾತಿನ ನಂತರ ನಾನು ದುವಾ ಮಾಡುವಾಗ ಕರ್ರಾರನ ಹೆಸರನ್ನು ಒಳಿತಿಗೂ ಕೆಡುಕಿಗೂ ಎತ್ತಲಿಲ್ಲ.

ರಂಜಾನಿಗೆ ಸ್ವಲ್ಪ ಮುಂಚೆ ಕರ್ರಾರನೇ ಬಂದ. ಚಿಕ್ಕ ಲಾರಿಯ ತುಂಬ ನೀರಿನ ಪೀಪಾಯಿಗಳು. ಕಣಿವೆಯಲ್ಲಿ ಆಗ ಉಳಿದಿದ್ದದ್ದು ನಮ್ಮ ಎರಡೇ ಒಲೆ. ಓಕೀರ್ ಚಾಪೆ ಹಾಸಿದ, ಮೇಲಿನ ಕಣಿವೆಯಿಂದ ಒಂಟೆಯ ಮೇಲೆ ತಂದಿಟ್ಟ ನೀರಲ್ಲೇ ಕಾಫಿ ಕಾಯಿಸಿ ಕೊಟ್ಟ. ಬಂದವನಿಗೆ ಅಷ್ಟು ಮಾಡಲೇಬೇಕು.

“ಅಣ್ಣ, ನಾನು ಅಂದ್ಕೊಂಡಿದ್ದು ಹೀಗಲ್ಲ. ನೀರಿನ ತಂಟೆಗೆ ಹೋಗಲ್ಲ ಅಂದಿದ್ರು ಅವರು.”

“ಹೂಂ.”

“ನೀನು ಒಪ್ಪಿದ್ದೀಯ ಅನ್ನದೆ ಇದ್ದಿದ್ರೆ ಅವರು ಕಾಲೇ ಇಡ್ತಿರ್ಲಿಲ್ಲ. ಅದಕ್ಕೇ ಹೇಳ್ಬಿಟ್ಟೆ.”

“ಹೂಂ.”

“ಬೈದಾದ್ರೂ ಬಿಡು ಅಣ್ಣ!”

ಓಕೀರ್ ಅವನ ಬಟ್ಟಲಿಗೆ ಇನ್ನೊಂದು ಸಲ ಕಾಫಿ ಬಗ್ಗಿಸಿದ.

“ಪ್ರತಿ ಶುಕ್ರವಾರ ನೀರು ಕಳಿಸ್ತೀನಿ. ನಾನಿರೋವರೆಗೂ ಕಳಿಸ್ತೀನಿ. ಅತ್ತಿಗೆ, ಮಕ್ಕಳು, ಮೇಕೆಗಳು, ಎಲ್ಲಕ್ಕೂ ಆಗುತ್ತೆ. ಬೇಡ ಅನ್ನಬೇಡ.”

ಚಾಲಕ ಅಷ್ಟರಲ್ಲಿ ಹಗ್ಗ ಬಿಚ್ಚಿ ಒಂದು ಪೀಪಾಯಿಯನ್ನು ಅಂಚಿಗೆ ಉರುಳಿಸಿದ್ದ. ಒಳಗೆ ನೀರು ತುಳುಕುವ ಸದ್ದು ಚಾಪೆಯ ಈಚೆಗೂ ಕೇಳಿತು. ನಮ್ಮ ಜೊತೆ ಕೂತಿದ್ದ ಆಮ್ನಾಳ ಮೊಮ್ಮಗಳು ಎದ್ದು ನಿಂತಳು. ಆಮ್ನಾ ಅವಳ ಕೈ ಹಿಡಿದು ಕೂರಿಸಿಕೊಂಡಳು.

ಓಕೀರ್ ಲಾರಿಯ ಹತ್ತಿರ ಹೋದ. “ಇಳಿಸಬೇಡಪ್ಪ,” ಎಂದು ಚಾಲಕನಿಗೆ ಹೇಳಿದ.

“ಅಣ್ಣಾ, ನೀರನ್ನ ಬೇಡ ಅಂದೋರುಂಟಾ?”

“ದಾರೀಲಿ ಯಾರು ಕೊಟ್ರೂ ಕುಡೀತೀನಿ. ನಿನ್ನದು ಬೇಡ ಕರ್ರಾರ್.”

ಪೀಪಾಯಿಗೆ ಭುಜ ಕೊಟ್ಟು ಒಳಗೆ ತಳ್ಳಿದ. ಹಗ್ಗವನ್ನು ತಾನೇ ಸುತ್ತಿ, ಒಂಟೆಯ ಹೇರಿಗೆ ಹಾಕುವ ಗಂಟು ಹಾಕಿ, ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದ.

“ಇಳಿಜಾರಲ್ಲಿ ನಿಧಾನ ಹೋಗು,” ಎಂದ. “ಚೆಲ್ಲೀತು.”