ಗುಂಡಿಯಲ್ಲಿ ಬಿಟ್ಟುಹೋದ ಗುದ್ದಲಿ

ಮುದುಕನಾದ ಮೇಲೂ ಯಾರಾದರೂ ಚಿನ್ನದ ಮಾತೆತ್ತಿದರೆ ಕಲಾಯಣ್ಣ ಎದ್ದು ಹೊರಗೆ ಹೋಗುತ್ತಿದ್ದ. ಅವನಿಗೆ ಜಂಬ ಎಂದು ತಿಳಿದವರುಂಟು. ಜಂಬವಲ್ಲ, ಆರದ ಸಂಕಟ.

ಹೊಳೆಯ ಮರಳಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಊರೂರೇ ಗಂಟುಮೂಟೆ ಕಟ್ಟಿದ ಕಾಲ. ಪಾತ್ರೆಗಳಿಗೆ ಕಲಾಯಿ ಹಾಕಿಕೊಂಡಿದ್ದ ಇವನೂ ಕುಲುಮೆ ಆರಿಸಿ ಆ ಹೊಳೆಯ ಕಣಿವೆಗೆ ಹೊರಟ. ಅಲ್ಲಿ ದರ್ಜಿ, ಕ್ಷೌರಿಕ, ಕೆಲಸ ಬಿಟ್ಟ ಮೇಷ್ಟ್ರು ಎಲ್ಲರೂ ಇದ್ದರು. ನೆಟ್ಟಗೆ ಮಣ್ಣು ಅಗೆಯಬಲ್ಲವನೇ ಅಪರೂಪ. ಕಲಾಯಣ್ಣ ತಮ್ಮನನ್ನೂ ಕರೆತಂದಿದ್ದ. ಅಪ್ಪ ಸತ್ತ ಮೇಲೆ ಇವನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ತಟ್ಟೆಯಲ್ಲಿ ಮರಳು ಜಾಲಿಸುವುದನ್ನೂ ಕೈ ಹಿಡಿದು ಕಲಿಸಿದ. ಇಬ್ಬರೂ ಒಂದೊಂದು ಗುಂಡಿ ತೋಡಿದರು. ಆದರೆ ತಮ್ಮನ ಗುಂಡಿಯಲ್ಲಿ ಬರೀ ಜಲ್ಲಿ. ಅಣ್ಣನ ಗುಂಡಿಯ ತಳದ ಬಂಡೆ ಸೀಳಿನಲ್ಲಿ ಒಂದು ಬೆಳಿಗ್ಗೆ ಹಳದಿ ಮಿನುಗಿತು.

ಅದೇ ವಾರ ಗಾಡಿಯವನು ಸುದ್ದಿ ತಂದ: ಅಮ್ಮನಿಗೆ ಕಾಯಿಲೆ ಜೋರು. ಕಲಾಯಣ್ಣ ಹಿಂದೆ ಮುಂದೆ ನೋಡದೆ ಊರಿಗೆ ಹೊರಟ.

ಕಣಿವೆಯಲ್ಲಿ ಕಾಗದಪತ್ರಗಳಿರಲಿಲ್ಲ, ಇದ್ದದ್ದು ಒಂದೇ ಕಟ್ಟಳೆ: ಗುಂಡಿಯೊಳಗೆ ಯಾರ ಗುದ್ದಲಿಯೋ ಗುಂಡಿ ಅವನದು. ಆಳು ಇಲ್ಲದಿದ್ದರೂ ಗುದ್ದಲಿಯನ್ನು ಕಳ್ಳನೂ ಮುಟ್ಟುತ್ತಿರಲಿಲ್ಲ. ಕಲಾಯಣ್ಣನೂ ಗುದ್ದಲಿಯನ್ನು ಗುಂಡಿಯಲ್ಲೇ ಬಿಟ್ಟಿದ್ದ; ಸುಮ್ಮನೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಈ ಪುಣ್ಯಾತ್ಮ ಅಕ್ಕಪಕ್ಕದವರ ಮುಂದೆ, "ನನ್ನ ಸಾಮಾನೆಲ್ಲ ತಮ್ಮ ನೋಡ್ಕೋತಾನೆ" ಎಂದುಬಿಟ್ಟ. ಅಲ್ಲಿಗೆ, ಗುದ್ದಲಿಯನ್ನು ಮುಟ್ಟುವ ಹಕ್ಕು ಒಬ್ಬನಿಗೆ ಸಿಕ್ಕಿತು.

ತಿರುಗಿ ಬಂದಾಗ ಅವನ ಗುದ್ದಲಿ ಡೇರೆಗೆ ಒರಗಿತ್ತು, ತೊಳೆದು ಎಣ್ಣೆ ಹಚ್ಚಿ. ಗುಂಡಿಯೊಳಗೆ ತಮ್ಮನ ಗುದ್ದಲಿ, ಪಕ್ಕದಲ್ಲಿ ತಮ್ಮ.

"ತುಕ್ಕು ಹಿಡೀತಿತ್ತಣ್ಣ, ಅದಕ್ಕೇ ಎತ್ತಿಟ್ಟೆ."

"ಸರಿ, ಈಗ ಬಂದಿದೀನಲ್ಲ. ನಿನ್ನದು ತೆಗಿ."

ತಮ್ಮ ತೆಗೆಯಲಿಲ್ಲ. "ಕಟ್ಟಳೆ ಅಂದ್ರೆ ಕಟ್ಟಳೆ ಅಲ್ವಾ? ಬೇಕಾದ್ರೆ ನನ್ನ ಹತ್ರ ಕೆಲಸಕ್ಕೆ ಬಾ."

ಕಲಾಯಣ್ಣ ಸುತ್ತ ನೋಡಿದ. ದರ್ಜಿ ತಟ್ಟೆ ತೊಳೆಯತೊಡಗಿದ, ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅವನು ಅಲ್ಲೇ ಕೂತ.

ಮಾತು ಬದಲಿಸಲೆಂದು ತಮ್ಮ ಕೇಳಿದ, "ಅಮ್ಮ ಹೇಗಿದಾಳೆ?"

"ಹೋದ್ಳು. ಕೊನೇವರೆಗೂ ನಿನ್ನನ್ನೇ ಕೇಳ್ತಿದ್ಳು. ನನ್ನ ಗುಂಡಿ ಕಾಯ್ತಿದಾನಮ್ಮ, ಅದಕ್ಕೇ ಬಂದಿಲ್ಲ ಅಂದೆ. ಒಡಹುಟ್ಟಿದೋನು ಅಂದ್ರೆ ಹಾಗಿರಬೇಕು ಅಂತ ಹೇಳಿ ನೆಮ್ಮದಿಯಾಗಿ ಕಣ್ಮುಚ್ಚಿದ್ಳು."

ತಮ್ಮ ಗುಂಡಿಯೊಳಗೇ ಕುಸಿದು ಗಳಗಳ ಅತ್ತ. ಗುದ್ದಲಿಯನ್ನು ಮಾತ್ರ ಕೈಯಿಂದ ಬಿಡಲಿಲ್ಲ.