ಹಾಳೆ ಪ್ಲೇಟು, ಹಾಡಿನ ಪ್ಲೇಟು

ಚನ್ನಗಿರಿಯಲ್ಲಿ ನಮ್ಮ ಮನೆಗೆ ಪ್ಲೇಟಿನ ಮನೆ ಎಂದೇ ಹೆಸರು. ನನ್ನ ಗಂಡ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುತ್ತಾರೆ. ಮುಂದಿನ ಕೋಣೆಯಲ್ಲಿ ಅವರ ಯಂತ್ರಗಳು. ನೆನೆಸಿದ ಹಾಳೆ ಬಿಸಿ ಅಚ್ಚಿನ ಕೆಳಗೆ ಸಿಕ್ಕಾಗ ಏಳುವ ಹಬೆಯ ವಾಸನೆ ನಮ್ಮ ಹಾಸಿಗೆ ಹೊದಿಕೆಗೂ ಅಂಟಿಕೊಂಡಿದೆ. ಹಿಂದಿನ ಕೋಣೆ ನನ್ನದು. ಅಲ್ಲಿರುವುದು ಗ್ರಾಮಫೋನ್ ರೆಕಾರ್ಡುಗಳು. ಸಿನಿಮಾದವು ಹೆಚ್ಚು, ದೂರದರ್ಶನದ ಧಾರಾವಾಹಿಗಳವು ಕೆಲವು. ನಮ್ಮ ಕಡೆ ರೆಕಾರ್ಡ್ ಎಂದರೆ ಯಾರಿಗೂ ತಿಳಿಯುವುದಿಲ್ಲ. ಅದೂ ಪ್ಲೇಟೇ.

ಇದರಿಂದಾದ ಫಜೀತಿಗಳು ಒಂದೆರಡಲ್ಲ. ಒಮ್ಮೆ ಜಗಳೂರಿನಿಂದ ಹೆಂಗಸೊಬ್ಬರು ಫೋನ್ ಮಾಡಿ, “ನಮ್ಮತ್ತೆ ಕಾಲದ ಪ್ಲೇಟು ಅಟ್ಟದ ಮ್ಯಾಲೆ ಹಂಗೇ ಅದಾವ್ರೀ, ಬಂದು ನೋಡ್ರಿ” ಎಂದರು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಆಸೆಯಿಂದ ಹೋದೆ. ಆಕೆ ನನ್ನ ಮುಂದೆ ಹರವಿದ್ದು ಹೂವಿನ ಚಿತ್ರದ ಪಿಂಗಾಣಿ ತಟ್ಟೆಗಳನ್ನು. ನಾನು ಬಂದ ಕಾರಣ ಹೇಳಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅದೇ ತಟ್ಟೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಕೈ ತೊಳೆಯಲು ಅಡುಗೆಮನೆಗೆ ಹೋದರೆ, ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳವಾಗಿ ಕೂತಿತ್ತು ಒಂದು ಎಲ್‌ಪಿ!

“ಇದಾ? ಮದ್ಲೇ ಹೇಳಾಕೆ ಏನಾಗಿತ್ರೀ ನಿಮಗೆ? ಇಂಥಾ ಮುಚ್ಚಳ ಇನ್ನೊಂದಿತ್ತು, ಸೊಸಿ ಅದರ ಮ್ಯಾಲೆ ಕಾದ ಬೋಗಾಣಿ ಇಟ್ಟು ಸೊಟ್ಟ ಮಾಡಿದ್ಲು.”

ಅದು ಭಾನುವಾರ ಬೆಳಿಗ್ಗೆ ಬರುತ್ತಿದ್ದ ಒಂದು ಹಳೆಯ ಧಾರಾವಾಹಿಯ ಸಂಗೀತ. ಮನೆಗೆ ತಂದು, ಸೋಪಿನ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಿಂದ ಒರೆಸಿ ಹಚ್ಚಿದೆ. ಹಾಡಿಗಿಂತ ಹಾಡುಗಳ ನಡುವಿನ ತುಣುಕುಗಳೇ ನನಗೆ ಇಷ್ಟ. ಯಾರೋ ಬಾಗಿಲು ತೆರೆಯುವಾಗಿನ ಪಿಟೀಲು, ಯಾರೋ ಊರು ಬಿಡುವಾಗಿನ ಕೊಳಲು. ಪರದೆಯ ಮೇಲೆ ಅದನ್ನು ಕೇಳಿಸಿಕೊಂಡವರಿಲ್ಲ. ಪ್ಲೇಟಿನ ಮೇಲೆ ಅದಕ್ಕೊಂದು ಮರ್ಯಾದೆ ಇದೆ.

ಎಲ್ಲಕ್ಕಿಂತ ಮೊದಲು ಬರುವ ಚಟಪಟವೂ ನನಗೆ ಇಷ್ಟವಿತ್ತು. ಮುಳ್ಳು ಇಳಿದು, ಹಾಡು ಇನ್ನೂ ಶುರುವಾಗದೆ, ಬರೀ ಧೂಳು ಮಾತಾಡುವ ಆ ಹೊತ್ತು. ಕಳೆದ ಸುಗ್ಗಿಯಿಂದ ಅದನ್ನು ಕೇಳಲಾರದವಳಾದೆ. ಕೇಳಲಾಗದಿದ್ದರೆ ಈ ಪ್ಲೇಟುಗಳೆಲ್ಲ ನನಗೂ ಡಬ್ಬಿಯ ಮುಚ್ಚಳಗಳೇ.

ನಡೆದದ್ದು ಇಷ್ಟು. ನ್ಯಾಮತಿ ಹತ್ತಿರದ ಹಳ್ಳಿಯೊಂದರಲ್ಲಿ, ಹಿಂದೆ ಮದುವೆಗಳಿಗೆ, ನಾಟಕಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ ಅಜ್ಜ ಇದ್ದಾರೆ. ಅವರ ಬಳಿ ಕಪ್ಪು ಬಿಳುಪು ಕಾಲದ ಸಿನಿಮಾ ಪ್ಲೇಟೊಂದಿದೆ ಎಂದು ತಿಳಿದು ಹೋಗಿದ್ದೆ. ನಾನು ಒಯ್ದಿದ್ದ ಗ್ರಾಮಫೋನ್ ಪೆಟ್ಟಿಗೆಯಲ್ಲೇ ಹಚ್ಚಿ ನೋಡೋಣ ಎಂದರೆ ಒಪ್ಪಲಿಲ್ಲ.

“ಅದ್ರಾಗೇನು ಗೊತ್ತಾಗ್ತೈತವ್ವಾ? ಮನೆ ಬಿಟ್ಟು ಹೋಗೋ ಪ್ಲೇಟು, ಒಂದ್ಸಲ ಊರು ಕೇಳ್ಲಿ. ಪಾಸೋ ಫೇಲೋ ಊರೇ ಹೇಳ್ತೈತೆ” ಎಂದು ಮಾಳಿಗೆಯ ಮೇಲಿನ ಹಳೆಯ ಲೌಡ್‌ಸ್ಪೀಕರಿನ ತಗಡಿನ ಕೊಂಬಿಗೆ ತಂತಿ ಜೋಡಿಸಿದರು.

ಅಜ್ಜನದೊಂದು ನೇಮವಿತ್ತು. ಒಮ್ಮೆ ಮುಳ್ಳು ಇಟ್ಟರೆ ಹಾಡು ಮುಗಿಯುವ ತನಕ ಎತ್ತುವಂತಿಲ್ಲ. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಕೂಗಿದರೂ ಸದ್ದು ತಗ್ಗಿಸುತ್ತಿದ್ದರೇ ಹೊರತು ಮುಳ್ಳು ಎತ್ತುತ್ತಿರಲಿಲ್ಲ. ಅವರು ನಡುಹಾಡಿನಲ್ಲಿ ಎತ್ತುತ್ತಿದ್ದುದು ಊರಲ್ಲಿ ಸಾವಾದಾಗ ಮಾತ್ರ. ಅದು ಊರಿಗೆಲ್ಲ ಗೊತ್ತು. ಹಾಡು ಅರ್ಧಕ್ಕೆ ನಿಂತರೆ ಜನ ಏನು ಎಂದು ಕೇಳುತ್ತಿರಲಿಲ್ಲ, ಯಾರು ಎಂದು ಕೇಳುತ್ತಿದ್ದರು.

ಹಾಡು ಶುರುವಾಯಿತು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಹೊನ್ನಾಳಿ ಕಡೆಯಿಂದ ಭತ್ತದ ಹುಲ್ಲು ಹೇರಿಕೊಂಡು ಟ್ರಾಕ್ಟರೊಂದು ಬೀದಿಗೆ ತಿರುಗಿತು. ಹುಲ್ಲನ್ನು ಮಾಳಿಗೆಗಿಂತ ಎತ್ತರಕ್ಕೆ ಒಟ್ಟಿದ್ದರು. ಬೀದಿಯ ತುದಿಯಲ್ಲಿ ಕರೆಂಟಿನ ತಂತಿ ಜೋತುಬಿದ್ದಿತ್ತು. ಹುಲ್ಲಿನ ನೆತ್ತಿ ತಂತಿಗೆ ತಾಗಿದಾಗ ಒಂದು ಕಿಡಿ, ಅದರ ಹಿಂದೆ ಎಳೆ ಹೊಗೆ, ನಾನು ಎದ್ದು ನಿಲ್ಲುವಷ್ಟರಲ್ಲಿ ಹಿಂಬದಿಯೆಲ್ಲ ಬೆಂಕಿ.

ಓಡಿಸುತ್ತಿದ್ದವನಿಗೆ ಅದು ಗೊತ್ತೇ ಇರಲಿಲ್ಲ. ಹಾಡಿಗೆ ತಲೆದೂಗುತ್ತಾ ಬರುತ್ತಿದ್ದ. ಹೆಂಗಸರು ಕೂಗಿದರು, ನಾನೂ ಕೂಗಿದೆ. ಕೊಂಬಿನ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕೈ ಬೀಸಿದರೆ ಅವನೂ ನಗುತ್ತಾ ಕೈ ಬೀಸಿದ. ಎರಡೂ ಬದಿಗೆ ಮನೆಗಳು, ಮನೆಗಳ ಪಕ್ಕ ಬಣವೆಗಳು.

ಅಜ್ಜ ಒಳಗಿನಿಂದ ಬಂದು ನೋಡಿದರು. ಮತ್ತೆ ಒಳಗೆ ಹೋದರು. ಕರ್ರನೆ ಗೀರಿದ ಸದ್ದು ಬಂತು, ಹಾಡು ನಿಂತಿತು.

ಅವನ ಕತ್ತು ಆಗ ತಿರುಗಿತು. ಮೊದಲು ಅಜ್ಜನ ಮನೆಯ ಕಡೆ, ಆಮೇಲೆ ಎಲ್ಲರೂ ನೋಡುತ್ತಿದ್ದ ಕಡೆ, ತನ್ನ ಬೆನ್ನ ಹಿಂದೆ. ಕೊಂಬಿನಿಂದ ಅಜ್ಜನ ದನಿ ಬಂತು: “ತಮ್ಮಾ, ನಿಲ್ಲಿಸಬ್ಯಾಡ. ಸೀದಾ ಕೆರೆಗೆ ಇಳಿಸು. ಏ, ದಾರಿ ಬಿಡ್ರಿ!”

ಅವನು ನಿಲ್ಲಿಸಲಿಲ್ಲ. ನನ್ನ ಮುಂದೆಯೇ ಹಾದುಹೋದ. ಕೆನ್ನೆಗೆ ಕಾವು ಬಡಿಯಿತು. ಮೈಕಿಲ್ಲದ, ಹಾಡಿಲ್ಲದ ಬೀದಿಯಲ್ಲಿ ಹುಲ್ಲು ಉರಿಯುವ ಚಟಪಟವೊಂದೇ ಕೇಳುತ್ತಿತ್ತು. ಟ್ರಾಕ್ಟರು ಕೆರೆಯ ಏರಿ ಇಳಿದು ಮರೆಯಾಯಿತು. ಇಂಜಿನ್ನು ಉಸಿರು ಕಟ್ಟಿದಂತೆ ನಿಂತಿತು. ಬಿಳಿ ಹೊಗೆ ಮೇಲೆದ್ದಿತು. ಜನ ಏರಿಯತ್ತ ಓಡಿದರು. ಆಮೇಲೆ ಏರಿಯ ಮೇಲಿಂದ ಯಾರೋ ಕೂಗಿದರು: “ಅದಾನೆ! ಅದಾನೆ!”

ಕೆಸರಿನಲ್ಲಿ ಮುಳುಗಿ ಎದ್ದವನಂತೆ ಬಂದ. ಅಂಗಿಯ ಬೆನ್ನು ಸುಟ್ಟಿತ್ತು, ಮೈಗೆ ಏನೂ ಆಗಿರಲಿಲ್ಲ. ಮೊದಲ ಮಾತು, “ನನ್ನ ಚಪ್ಪಲಿ ಒಂದು ನೀರಾಗೆ ಹೋತು” ಎಂದು.

ನನ್ನ ಕೈಗೆ ಪ್ಲೇಟು ಕೊಟ್ಟು ಅಜ್ಜ, “ಗೀರು ಬಿದ್ದೈತವ್ವಾ, ಬ್ಯಾಡ ಅಂದ್ರೆ ಬ್ಯಾಡ” ಎಂದರು. ಆದರೂ ಮನೆಗೆ ತಂದೆ. ಹೊನ್ನಾಳಿಯ ಸೇತುವೆ ಮೇಲೆ ಬಸ್ಸು ಬಂದಾಗಲೂ ಎದೆಗವಚಿಕೊಂಡೇ ಕೂತಿದ್ದೆ. ಹಚ್ಚಲು ಮಾತ್ರ ಆಗಲಿಲ್ಲ. ಯಾವ ಪ್ಲೇಟಿನ ಮೇಲೆ ಮುಳ್ಳು ಇಳಿಸಿದರೂ ಹುಲ್ಲು ಉರಿಯುತ್ತಿತ್ತು. ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೂ ಅದೇ ಬೀದಿ. ನಾನು ಓದಿದವಳು, ಮನಸ್ಸು ಹೀಗೆಲ್ಲ ಮಾಡುತ್ತದೆಂದು ತಿಳಿದವಳು. ತಿಳಿದು ಉಪಯೋಗವೇನೂ ಆಗಲಿಲ್ಲ. ನಿಜವಾಗಿ ಅವನು ಒಂದೇ ಸಲ ಬಂದ, ತಿರುಗಿ ನೋಡಿದ, ಬದುಕಿದ. ನನ್ನ ತಲೆಯೊಳಗೆ ಮತ್ತೆ ಮತ್ತೆ ಬರುತ್ತಾನೆ. ಕೆಲವು ಸಲ ಹಾಡು ನಿಲ್ಲುವುದೇ ಇಲ್ಲ.

“ಒಂದು ಧಾರಾವಾಹಿದಾದ್ರೂ ಹಚ್ಚೇ, ಮನೆ ಬಿಕೋ ಅಂತೈತೆ” ಎನ್ನುತ್ತಿದ್ದರು ಗಂಡ. “ನಿಮ್ಮ ಯಂತ್ರ ಕೇಳ್ಕಂಡಿರ್ರಿ” ಎನ್ನುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಹಾಳೆ ಪ್ಲೇಟಿಗೆ ಆರ್ಡರ್ ಕೊಡಲು ಒಬ್ಬ ಬಂದ. ಗುರುತು ಹತ್ತಲಿಲ್ಲ. ಕೆಸರಿಲ್ಲದ ಅವನ ಮುಖವನ್ನು ಹತ್ತಿರದಿಂದ ನಾನು ನೋಡಿರಲೇ ಇಲ್ಲ.

“ನಾನೇ ಅಕ್ಕಾರೆ, ಚಪ್ಪಲಿ ಕಳಕಂಡೋನು.”

ಮಗಳಾಗಿದ್ದಳು. ತೊಟ್ಟಿಲು ಶಾಸ್ತ್ರಕ್ಕೆ ಪ್ಲೇಟು ಬೇಕಿತ್ತು. ಗಂಡ ಅಳತೆ ತೋರಿಸುತ್ತಿದ್ದರೂ ಅವನ ಕಣ್ಣು ಒಳಗಿನ ಕೋಣೆಯ ಮೇಲೆ.

“ಇನ್ನೊಂದು ಪ್ಲೇಟಿನ ಕೆಲಸಾನೂ ಐತ್ರೀ” ಎಂದ. “ಆವತ್ತು ಹಾಡು ಅರ್ಧಕ್ಕೆ ನಿಂತಿತ್ತಲ್ಲ, ಯಾರು ಸತ್ರಪ್ಪಾ ಅಂತ ತಿರುಗಿದೆ. ನೋಡಿದ್ರೆ ನನ್ದೇ ಸರದಿ! ನಮ್ಮವ್ವಂದು ಒಂದೇ ಹಠ, ಅರ್ಧ ಆದ ಹಾಡು ಪೂರ್ತಿ ಕೇಳಿ ಬಾ, ಆಮೇಲೆ ಕೂಸಿಗೆ ಹೆಸರಿಡಾನ ಅಂತ. ಅಜ್ಜ ನಿಮ್ಮನೆ ತೋರಿಸಿದ್ರು.”

ಗಂಡ ನನ್ನ ಮುಖ ನೋಡಿದರು. “ಆಕೆ ಈಗ ಹಚ್ಚಲ್ಲಪ್ಪಾ” ಎಂದು ಹೇಳಲು ಬಾಯಿ ತೆರೆದಿದ್ದರು. ನಾನೇ ಎದ್ದೆ. ಹೆಸರಿಡದ ಕೂಸೊಂದು ಕಾಯುತ್ತಿರುವಾಗ ನನ್ನ ಭಯವನ್ನು ಯಾರಿಗೆ ಹೇಳಲಿ?

ಮುಳ್ಳು ಇಳಿಸಿದೆ. ಚಟಪಟ ಶುರುವಾಯಿತು, ಬೀದಿ ಕಣ್ಣ ಮುಂದೆ ಬಂತು. ಕೆನ್ನೆ ಕಾವೇರಿತು. ಅವನ ಕಡೆ ನೋಡಿದೆ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಊದುತ್ತಿದ್ದ. ಹಾಡು ಬಂತು. ಗೀರಿನ ಜಾಗಕ್ಕೆ ಬಂದದ್ದೇ ಮುಳ್ಳು ಎಡವಿತು, ಅದೇ ಸಾಲು, ಮತ್ತೆ ಅದೇ ಸಾಲು.

“ಯಾಕ್ರೀ, ಬ್ರೇಕ್ ಹಿಡ್ಕಂತಾ?” ಎಂದ.

ತುದಿಬೆರಳಿನಿಂದ ಮೆಲ್ಲಗೆ ತಳ್ಳಿದೆ. ಮುಳ್ಳು ಗೀರು ದಾಟಿತು. ಅಲ್ಲಿಂದಾಚೆಗಿನ ಹಾಡನ್ನು ಅವನಂತೆ ನಾನೂ ಮೊದಲ ಸಲ ಕೇಳಿದ್ದು. ಒಂದು ಚರಣ, ಒಂದಿಷ್ಟು ಕೊಳಲು, ಮುಗಿಯಿತು.

“ಇಷ್ಟೇಯಾ? ನಾನೇನೋ ಭಾರೀ ಐತೆ ಅನ್ಕಂಡಿದ್ದೆ!”

“ನಿನ್ನ ಟ್ರಾಕ್ಟರು ಮುಳುಗಿಸಿದ ಹಾಡಪ್ಪಾ, ಸ್ವಲ್ಪ ಮರ್ಯಾದೆ ಕೊಡು” ಎಂದರು ಗಂಡ.

ಆಮೇಲೆ ಮಾತು ಊಟಕ್ಕೆ ಹೊರಳಿತು. ಪಾಯಸಕ್ಕೆ ಬಟ್ಟಲು ಬೇಕೋ, ತಟ್ಟೆಯ ಅಂಚು ಎತ್ತರವಿದ್ದರೆ ಸಾಕೋ ಎಂದು ಇಬ್ಬರೂ ವಾದಕ್ಕೆ ಬಿದ್ದರು. ನಾನೂ ಸೇರಿಕೊಂಡೆ, ಬಟ್ಟಲೇ ಬೇಕೆಂದೆ. ಮುಳ್ಳು ಪ್ಲೇಟಿನ ಕೊನೆಯ ಗೆರೆಯಲ್ಲಿ ಸುತ್ತುತ್ತಾ ಚಟಪಟ ಎನ್ನುತ್ತಲೇ ಇತ್ತು. ಯಾವಾಗಿನಿಂದ ಎಂದು ನನಗೆ ತಿಳಿಯಲಿಲ್ಲ.

“ಅದು ಸುಮ್ನೆ ತಿರುಗ್ತೈತಲ್ರೀ ಅಕ್ಕಾರೆ, ಮಗ್ಗಲು ಬದಲಾಯಿಸ್ರಿ” ಎಂದ ಅವನು.

ಬದಲಾಯಿಸಿದೆ.